ತಳಿ ಕಾಲಂನಲ್ಲಿ ಹಿಡಿಸದ ಅಡಿಕೆ

ಪತ್ರಿಕೆಯ ವಾಣಿಜ್ಯ ಪುಟದ ಒಂದು ಮೂಲೆಯಲ್ಲಿ ಅಡಿಕೆ ಧಾರಣೆ ಬರುತ್ತದೆ. ಶಿರಸಿಯ ಕೆಳಗೆ ರಾಶಿ, ಬೆಟ್ಟೆ, ಚಾಲಿ, ಬಿಳಿಗೋಟು, ಕೆಂಪುಗೋಟು. ಸಿದ್ದಾಪುರದ ಕೆಳಗೆ ತಟ್ಟಿಬೆಟ್ಟೆ, ಕೋಕಾ ಕೂಡ ಸೇರುತ್ತವೆ. ಯಲ್ಲಾಪುರಕ್ಕೆ ಬಂದರೆ ಅಪಿ ಎಂಬ ಇನ್ನೊಂದು ಸಾಲು, ಹೊಸ ಚಾಲಿಗೂ ಹಳೆ ಚಾಲಿಗೂ ಬೇರೆ ಬೇರೆ ದರ. ಈ ಮೂರು ತಾಲ್ಲೂಕುಗಳಲ್ಲಿ ತೋಟ ಇಟ್ಟುಕೊಂಡವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ವಖಾರಿಯಲ್ಲಿ ಚೀಲದ ಬಾಯಿ ಬಿಚ್ಚಿದ ಕೂಡಲೇ ಇದು ಇಂಥದ್ದು ಎಂದು ಹೇಳಬಲ್ಲ ಕಣ್ಣುಗಳು ಇಲ್ಲಿ ನೂರಾರು ಇವೆ. ಅನುಮಾನ ಬಂದರೆ ನಾಲ್ಕು ಅಡಿಕೆ ಆರಿಸಿ, ಅಡಕತ್ತರಿಯಲ್ಲಿ ಕತ್ತರಿಸಿ, ಒಳಗಿನ ಬಿಳಿ ಗೆರೆಯನ್ನೂ ಟೊಳ್ಳನ್ನೂ ನೋಡಿದರೆ ಮುಗಿಯಿತು.

ಈ ಪುಟ್ಟ ಪಟ್ಟಿಯಲ್ಲಿ ಎಷ್ಟು ತಿಳಿವಳಿಕೆ ತುಂಬಿದೆ ಎಂಬುದು ಅದನ್ನು ಕಂಪ್ಯೂಟರಿಗೆ ಹೇಳಿಕೊಡಲು ಕೂತಾಗ ಗೊತ್ತಾಗುತ್ತದೆ. ಹೇಳಿಕೊಡುವುದೆಂದರೆ ದರ ತುಂಬಿಸುವುದಲ್ಲ. ಆ ಕೆಲಸ ಶುರುವಾಗಿ ಎರಡು ದಶಕಗಳೇ ಕಳೆದಿವೆ. ನಾನು ಹೇಳುತ್ತಿರುವುದು ಆಂಟಾಲಜಿಯ ವಿಷಯ. ಒಂದು ಕ್ಷೇತ್ರದಲ್ಲಿ ಯಾವ ಯಾವ ಬಗೆಗಳಿವೆ, ಒಂದು ಬಗೆ ಮತ್ತೊಂದರೊಳಗೆ ಹೇಗೆ ಸೇರುತ್ತದೆ, ಯಾವುದಕ್ಕೂ ಯಾವುದಕ್ಕೂ ಎಂಥ ಸಂಬಂಧ ಎಂಬುದನ್ನೆಲ್ಲ ತರ್ಕದ ವಾಕ್ಯಗಳಾಗಿ ಬರೆದಿಡುವುದಕ್ಕೆ ಆ ಹೆಸರು. ಅದಕ್ಕೆಂದೇ ಔಲ್ ಎಂಬ ಭಾಷೆ ಇದೆ. ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ ಅದನ್ನು 2004ರಲ್ಲಿ ಅಂಗೀಕರಿಸಿತು. 2009ರಲ್ಲಿ ಔಲ್ 2 ಬಂತು. ಹೀಗೆ ಬರೆದ ವಾಕ್ಯಗಳನ್ನು ರೀಸನರ್ ಎಂಬ ತರ್ಕಯಂತ್ರಕ್ಕೆ ಕೊಟ್ಟರೆ, ಅವುಗಳಿಂದ ಏನೇನು ಸಿದ್ಧವಾಗುತ್ತದೋ ಅದೆಲ್ಲವನ್ನೂ ಅದು ಹೊರಗೆ ತೆಗೆಯುತ್ತದೆ. ಸಾಮಾನ್ಯ ಪಟ್ಟಿಯೊಂದು ನಾವು ತುಂಬಿಸಿದ್ದನ್ನಷ್ಟೇ ತಿರುಗಿ ಕೊಡುತ್ತದೆ. ಆಂಟಾಲಜಿ ಹಾಗಲ್ಲ. ನಾವು ಬಾಯಿಬಿಟ್ಟು ಹೇಳದ ತೀರ್ಮಾನಗಳನ್ನೂ ಅದು ನಮ್ಮ ಮಾತಿನ ಬಲದ ಮೇಲೆಯೇ ಹೇಳುತ್ತದೆ. ಅದಕ್ಕೇ ಅಲ್ಲಿ ಆಗುವ ತಪ್ಪು ಟೈಪಿಂಗ್ ತಪ್ಪಿನಂತೆ ಒಂದೇ ಸಾಲಿಗೆ ನಿಲ್ಲುವುದಿಲ್ಲ.

ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಅಲನ್ ರೆಕ್ಟರ್ ಮತ್ತು ಸಂಗಡಿಗರು ಈ ಭಾಷೆಯನ್ನು ಹೊಸಬರಿಗೆ ಕಲಿಸುತ್ತಿದ್ದಾಗ ಒಂದು ಸಂಗತಿಯನ್ನು ಗಮನಿಸಿದರು. ಜಾಣರೂ ಸಹ ಮತ್ತೆ ಮತ್ತೆ ಅದೇ ಕೆಲವು ತಪ್ಪುಗಳನ್ನು ಮಾಡುತ್ತಿದ್ದರು. ಪಿಜ್ಜಾವನ್ನು ಉದಾಹರಣೆಯಾಗಿ ಇಟ್ಟುಕೊಂಡು ಆ ತಪ್ಪುಗಳನ್ನು 2004ರ ಒಂದು ಪ್ರಬಂಧದಲ್ಲಿ ಅವರು ವಿಂಗಡಿಸಿ ಬರೆದರು. ಇಂದಿಗೂ ಆಂಟಾಲಜಿ ಕಲಿಯುವವರು ಮೊದಲು ನೋಡುವುದು ಆ ಪಿಜ್ಜಾವನ್ನೇ. ನಮ್ಮ ಕಡೆಯವರಿಗೆ ಅಡಿಕೆಯೇ ಸರಿ. ಪಿಜ್ಜಾದಲ್ಲಿ ತಪ್ಪಿದರೆ ಯಾರಿಗೂ ನಷ್ಟವಿಲ್ಲ. ಅಡಿಕೆಯ ಬಗೆ ತಪ್ಪಿದರೆ ಭೌಗೋಳಿಕ ಗುರುತು, ಆಮದು ಸುಂಕ, ಬೆಟ್ಟದ ಹಕ್ಕು ಎಲ್ಲದಕ್ಕೂ ಅದು ತಾಗುತ್ತದೆ.

ಮೊದಲ ತಪ್ಪು ಈಗಾಗಲೇ ನಮ್ಮ ಕಣ್ಣೆದುರಿಗೇ ಇದೆ. ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ ಜಾಲತಾಣದಲ್ಲಿ ಮಾರುಕಟ್ಟೆ ದರ ನೋಡಿದರೆ ಸರಕಿನ ಹೆಸರಿನ ಪಕ್ಕದಲ್ಲಿ ‘ವೆರೈಟಿ’, ಅಂದರೆ ತಳಿ ಅಥವಾ ಬಗೆ, ಎಂಬ ಕಾಲಂ ಇದೆ. ಭತ್ತಕ್ಕೋ ಮಾವಿಗೋ ಅದು ಸರಿಹೋಗಬಹುದು. ಅಡಿಕೆಯ ಎದುರಿಗೆ ಆ ಕಾಲಂನಲ್ಲಿ ಬರುವುದು ರಾಶಿ, ಚಾಲಿ, ಬೆಟ್ಟೆ, ಕೋಕಾ, ಬಿಳಿಗೋಟು. ಇವು ಯಾವುವೂ ತಳಿಯಲ್ಲ. ತಳಿ ಎಂದರೆ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಟ್ಲ ಕೇಂದ್ರದಿಂದ 1972ರಲ್ಲಿ ಬಂದ ಮಂಗಳ, ಆಮೇಲೆ ಬಂದ ಸುಮಂಗಳ, ಮೋಹಿತ್‌ನಗರ, ಶಿರಸಿಯ ಸಂಶೋಧನಾ ಕೇಂದ್ರದ ಎಸ್‌ಎಎಸ್-1, ಅಥವಾ ಅಜ್ಜನ ಕಾಲದಿಂದ ಇರುವ ಊರ ತಳಿ. ಒಂದೇ ಮರದ ಒಂದೇ ಕೊನೆ ರಾಶಿಯೂ ಆಗಬಹುದು, ಚಾಲಿಯೂ ಆಗಬಹುದು. ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ಅದನ್ನು ಹಸಿರಿರುವಾಗಲೇ ಇಳಿಸಿದರೆ, ಸುಲಿದು, ಚೊಗರೆಂಬ ಕೆಂಪು ರಸದಲ್ಲಿ ಬೇಯಿಸಿ, ಒಣಗಿಸಿ ಕೆಂಪಡಿಕೆಯ ದಾರಿಗೆ ಹಾಕುತ್ತೇವೆ; ರಾಶಿ ಬರುವುದು ಆ ದಾರಿಯಲ್ಲಿ. ಹಣ್ಣಾಗಲು ಬಿಟ್ಟರೆ, ಸಿಪ್ಪೆಸಮೇತ ಅಂಗಳದಲ್ಲಿ ತಿಂಗಳು ದಾಟಿ ಒಣಗಿ, ಆಮೇಲೆ ಸುಲಿದಾಗ ಚಾಲಿ.

ಹಾಗಾದರೆ ಆ ಒಂದು ಕಾಲಂನಲ್ಲಿ ಏನೇನು ಕಲೆತಿದೆ? ರಾಶಿಗೂ ಚಾಲಿಗೂ ಇರುವ ವ್ಯತ್ಯಾಸ ಕೊಯ್ಲಿನ ಹಂತ ಮತ್ತು ಸಂಸ್ಕರಣೆಯದು. ಚಾಲಿಗೂ ಕೋಕಾಕ್ಕೂ ಇರುವ ವ್ಯತ್ಯಾಸ ದರ್ಜೆಯದು. ಹೊಸ ಚಾಲಿಗೂ ಹಳೆ ಚಾಲಿಗೂ ಇರುವುದು ವಯಸ್ಸಿನ ವ್ಯತ್ಯಾಸ. ಪಟ್ಟಿಯ ಮೇಲೆ ಬರೆದಿರುವ ಊರು ಮಾರಾಟದ ಊರೇ ಹೊರತು ಬೆಳೆದ ಊರಲ್ಲ. ಕಾಲಂ ಯಾವುದರ ಹೆಸರು ಹೊತ್ತಿದೆಯೋ ಆ ತಳಿ ಮಾತ್ರ ಎಲ್ಲೂ ಇಲ್ಲ. ಮನುಷ್ಯರು ಓದುವಾಗ ಇದರಿಂದ ಏನೂ ತೊಂದರೆಯಿಲ್ಲ, ಯಾಕೆಂದರೆ ನಾವು ನಮ್ಮ ತಿಳಿವಳಿಕೆಯಿಂದ ಬೇರ್ಪಡಿಸಿಕೊಂಡೇ ಓದುತ್ತೇವೆ. ಅದೇ ಕಾಲಂ ಅನ್ನು ಹಾಗೇ ಎತ್ತಿ ಆಂಟಾಲಜಿಗೆ ಹಾಕಿ, ‘ರಾಶಿ ಅಡಿಕೆಯ ಒಂದು ತಳಿ’, ‘ತಳಿ ಗಿಡದಿಂದ ಗಿಡಕ್ಕೆ ಬೀಜದ ಮೂಲಕ ಬರುತ್ತದೆ’ ಎಂದು ಬರೆದರೆ, ರಾಶಿಯ ಬೀಜ ನೆಟ್ಟರೆ ರಾಶಿಯೇ ಬೆಳೆಯುತ್ತದೆ ಎಂದು ತರ್ಕಯಂತ್ರ ಹೇಳುತ್ತದೆ. ಬೇಯಿಸಿದ ಅಡಿಕೆ ಮೊಳೆಯುವುದಿಲ್ಲ ಎಂದು ಅದಕ್ಕೆ ಯಾರೂ ಹೇಳಿಲ್ಲವಲ್ಲ.

ಇದಕ್ಕೆ ಪರಿಹಾರ ಬೆಂಗಳೂರಿನಲ್ಲೇ ಇದೆ ಎಂಬುದು ನನಗೆ ಹೆಮ್ಮೆಯ ವಿಷಯ. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರು 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣದ ಜೀವಾಳವೇ ಮುಖಗಳ ವಿಂಗಡಣೆ. ಒಂದು ವಿಷಯವನ್ನು ಒಂದೇ ಮರದ ಕೊಂಬೆಗೆ ಕಟ್ಟದೆ, ಅದರ ಬೇರೆ ಬೇರೆ ಮುಖಗಳನ್ನು ಮೊದಲು ಬಿಡಿಬಿಡಿಯಾಗಿ ಗುರುತಿಸಿ, ಆಮೇಲೆ ಕೂಡಿಸುವುದು. ವಸ್ತು ಯಾವುದು, ಯಾವ ದ್ರವ್ಯ, ಯಾವ ಕ್ರಿಯೆ, ಯಾವ ಸ್ಥಳ, ಯಾವ ಕಾಲ. 1962ರಲ್ಲಿ ಅವರು ಬೆಂಗಳೂರಿನಲ್ಲಿ ಕಟ್ಟಿದ ಡಾಕ್ಯುಮೆಂಟೇಶನ್ ರಿಸರ್ಚ್ ಆ್ಯಂಡ್ ಟ್ರೇನಿಂಗ್ ಸೆಂಟರ್, ಭಾರತೀಯ ಸಾಂಖ್ಯಿಕ ಸಂಸ್ಥೆಯ ಭಾಗವಾಗಿ ಇವತ್ತಿಗೂ ನಡೆಯುತ್ತಿದೆ. ಆ ಕಣ್ಣಿನಿಂದ ಅಡಿಕೆಯ ಪಟ್ಟಿಯನ್ನು ನೋಡಿದರೆ ತಳಿ, ಕೊಯ್ಲಿನ ಹಂತ, ಸಂಸ್ಕರಣೆ, ದರ್ಜೆ, ಬೆಳೆದ ಜಾಗ, ಕಟ್ಟಿಟ್ಟ ಅವಧಿ ತಾವಾಗಿಯೇ ಬೇರೆ ಬೇರೆ ನಿಲ್ಲುತ್ತವೆ. ‘ಹಳೆ ಚಾಲಿ’ ಆಗ ಸ್ವತಂತ್ರ ಕೊಂಬೆಯಾಗದೆ, ಈ ಮುಖಗಳಿಂದ ಕೂಡಿ ಬಂದ ಒಂದು ಹೆಸರಾಗುತ್ತದೆ.

ನಮ್ಮ ನೈಯಾಯಿಕರಿಗೂ ಈ ತೊಡಕು ಗೊತ್ತಿತ್ತು. ಯಾವುದನ್ನು ಜಾತಿ, ಅಂದರೆ ನಿಜವಾದ ವರ್ಗ, ಎಂದು ಒಪ್ಪಬಾರದು ಎಂಬುದಕ್ಕೆ ಉದಯನಾಚಾರ್ಯರು ಕಿರಣಾವಳಿಯಲ್ಲಿ ಆರು ಬಾಧಕಗಳನ್ನು ಕೊಡುತ್ತಾರೆ. ಅವುಗಳಲ್ಲಿ ಒಂದು ಸಂಕರ: ಎರಡು ಗುಂಪುಗಳು ಒಂದರ ಮೇಲೊಂದು ಹಾಯ್ದುಹೋಗುತ್ತವೆ, ಆದರೆ ಯಾವುದೂ ಇನ್ನೊಂದನ್ನು ಪೂರ್ತಿ ಒಳಗೊಳ್ಳುವುದಿಲ್ಲ. ಮಂಗಳ ತಳಿಯ ಚಾಲಿಯಿದೆ, ಮಂಗಳ ತಳಿಯ ರಾಶಿಯಿದೆ, ಊರ ತಳಿಯ ಚಾಲಿಯೂ ಇದೆ. ಇವನ್ನು ಒಂದೇ ಏಣಿಯ ಮೆಟ್ಟಿಲುಗಳೆಂದು ಜೋಡಿಸಿದರೆ ಎಲ್ಲೋ ಒಂದು ಕಡೆ ಸುಳ್ಳು ಹೇಳಲೇಬೇಕಾಗುತ್ತದೆ.

ಹೊಸ ಚಾಲಿ, ಹಳೆ ಚಾಲಿಯ ಮಾತು ಇನ್ನೂ ಸ್ವಲ್ಪ ಮುಂದಕ್ಕೆ ಹೋಗುತ್ತದೆ. ಇವೆರಡನ್ನೂ ಚಾಲಿಯ ಉಪವರ್ಗಗಳೆಂದೂ, ಒಂದು ಇನ್ನೊಂದಾಗಲಾರದೆಂದೂ ಬರೆಯುವುದು ಸುಲಭ. ಆದರೆ ದರ ಏರೀತು ಎಂದು ರೈತ ಅಟ್ಟದ ಮೇಲೆ ಇಟ್ಟ ಅದೇ ಚೀಲ, ಅದೇ ಅಡಿಕೆ, ಕಾಲ ಕಳೆದಂತೆ ಹೊಸದರಿಂದ ಹಳೆಯದಕ್ಕೆ ದಾಟುತ್ತದೆ. ದಾಟುವಾಗ ಚೀಲ ಬದಲಾಗುವುದಿಲ್ಲ. ಇಟಲಿಯ ನಿಕೋಲಾ ಗ್ವಾರಿನೊ ಮತ್ತು ಅಮೆರಿಕದ ಕ್ರಿಸ್ಟೋಫರ್ ವೆಲ್ಟಿ 2000ದ ಹೊತ್ತಿಗೆ ರೂಪಿಸಿದ ಆಂಟೋಕ್ಲೀನ್ ಎಂಬ ವಿಧಾನ ಕೇಳುವುದು ಇದೇ ಪ್ರಶ್ನೆಯನ್ನು. ಈ ಗುಣ ಹೋದರೆ ವಸ್ತುವೇ ಇಲ್ಲವಾಗುತ್ತದೆಯೋ, ಇಲ್ಲ ವಸ್ತು ಉಳಿದು ಗುಣ ಮಾತ್ರ ಹೋಗುತ್ತದೆಯೋ? ಅಡಿಕೆ ಅಡಿಕೆಯಾಗಿರುವುದನ್ನು ಬಿಟ್ಟು ಇರಲಾರದು. ಹೊಸತನ ಬಿಟ್ಟು ಇರಬಲ್ಲದು. ಬಿಡಲಾರದ ಗುಣವನ್ನೂ ಬಿಡಬಲ್ಲ ಗುಣವನ್ನೂ ಒಂದೇ ಬಗೆಯ ಗೆರೆಯಿಂದ ಎಳೆದರೆ, ಮುಂದಿನ ವರ್ಷ ಅದೇ ಚೀಲಕ್ಕೆ ಯಂತ್ರದಲ್ಲಿ ಜಾಗವೇ ಇರುವುದಿಲ್ಲ.

ಎರಡನೆಯ ತಪ್ಪಿನ ಮೂಲ ಸೌಜನ್ಯದಲ್ಲಿದೆ. ಎದುರಿಗಿರುವವರಿಗೆ ಗೊತ್ತಿರುವುದನ್ನು ನಾವು ಹೇಳುವುದಿಲ್ಲ. ರಾಶಿ ಚಾಲಿಯಲ್ಲ ಎಂದು ಶಿರಸಿಯಲ್ಲಿ ಯಾರಾದರೂ ಯಾರಿಗಾದರೂ ಹೇಳಿದ್ದುಂಟೆ? ಆಂಟಾಲಜಿಯಲ್ಲಿ ಅದನ್ನು ಬರೆಯಲೇಬೇಕು. ಬರೆಯದಿದ್ದರೆ, ಒಂದೇ ಚೀಲ ರಾಶಿಯೂ ಆಗಿ ಚಾಲಿಯೂ ಆಗಿರಲು ಯಂತ್ರದ ಆಕ್ಷೇಪವೇನೂ ಇಲ್ಲ. ಎರಡು ಬಗೆಗಳಿಗೆ ಎರಡು ಹೆಸರು ಕೊಟ್ಟ ಮಾತ್ರಕ್ಕೆ ಅವು ಬೇರೆ ಎಂದು ಅದು ಭಾವಿಸುವುದಿಲ್ಲ. ಹಾಗೆಯೇ ಎರಡು ಹೆಸರುಗಳು ಒಂದೇ ವಸ್ತುವಿನವು ಎಂದೂ ಊಹಿಸುವುದಿಲ್ಲ. ಪಟ್ಟಿಗಳಲ್ಲಿ ಒಂದು ಕಡೆ ಬಿಳಿಗೋಟು, ಇನ್ನೊಂದು ಕಡೆ ಬಿಳೆಗೋಟು ಎಂದು ಅಚ್ಚಾಗುತ್ತದೆ. ಓದುವವರು ಒಂದೇ ಎಂದು ತಿಳಿಯುತ್ತಾರೆ. ಬೆಟ್ಟೆ, ತಟ್ಟಿಬೆಟ್ಟೆಗಳಿಗೆ ಬಂದಾಗ ಹಾಗೆ ತಿಳಿಯುವ ಮುನ್ನ ಯಾವ ಮಾರುಕಟ್ಟೆಯ ಮಾತು ಎಂದು ಕೇಳಿಕೊಳ್ಳಬೇಕು. ಯಲ್ಲಾಪುರದ ಅಪಿಯದು ಇನ್ನೂ ಸೂಕ್ಷ್ಮ. ಆಮದು ಸುಂಕದ ವ್ಯಾಜ್ಯಗಳ ಕಾಗದಗಳಲ್ಲೂ ‘ಅಪಿ ಸುಪಾರಿ’ ಎಂಬ ಹೆಸರು ಓಡಾಡುತ್ತದೆ. ಕಡಲಾಚೆಯಿಂದ ಬಂದ ಆ ಮಾಲಿಗೂ ಯಲ್ಲಾಪುರದ ರೈತನ ಅಪಿಗೂ ಹೆಸರು ಒಂದೇ ಎಂಬ ಕಾರಣಕ್ಕೆ ಸಮಾನ ಚಿಹ್ನೆ ಹಾಕಿಬಿಟ್ಟರೆ, ಒಂದರ ಬಗ್ಗೆ ಹೇಳಿದ್ದೆಲ್ಲ ಆ ಕ್ಷಣದಲ್ಲೇ ಇನ್ನೊಂದಕ್ಕೂ ಅಂಟಿಕೊಳ್ಳುತ್ತದೆ.

ಹೇಳದೆ ಬಿಟ್ಟದ್ದರ ಇನ್ನೊಂದು ಮುಖ ‘ಇಲ್ಲ’ ಎಂಬುದು. ರೈಲ್ವೆ ವೇಳಾಪಟ್ಟಿಯಲ್ಲಿ ಹನ್ನೊಂದು ಗಂಟೆಗೆ ರೈಲು ನಮೂದಾಗಿರದಿದ್ದರೆ ಆ ಹೊತ್ತಿಗೆ ರೈಲು ಇಲ್ಲ ಎಂದೇ ಅರ್ಥ. ಸಾಮಾನ್ಯ ಡೇಟಾಬೇಸ್ ನಡೆಯುವುದೂ ಹೀಗೆಯೇ. ಔಲ್‌ನ ತರ್ಕ ಮಾತ್ರ ಹಾಗೆ ನಡೆಯುವುದಿಲ್ಲ. ಬರೆಯದಿರುವುದು ಅದಕ್ಕೆ ‘ಗೊತ್ತಿಲ್ಲ’. ಒಂದು ಲಾಟಿನ ಎದುರು ಕೊಳೆಯ ಗುರುತು, ಹುಳುಕು, ಒಡಕು ಯಾವುದನ್ನೂ ನಮೂದಿಸಿಲ್ಲ ಎಂದಿಟ್ಟುಕೊಳ್ಳಿ. ‘ದೋಷವಿಲ್ಲದ ಲಾಟುಗಳು ಯಾವುವು?’ ಎಂದು ಕೇಳಿದರೆ ಆ ಲಾಟು ಉತ್ತರದಲ್ಲಿ ಬರುವುದಿಲ್ಲ. ನೋಡಿದ್ದೇವೆ, ದೋಷವಿಲ್ಲ ಎಂದು ಯಾರೋ ಖಚಿತವಾಗಿ ಬರೆದಿರಬೇಕು. ಬಹಳ ಜನ ಇದನ್ನು ತಂತ್ರಾಂಶದ ದೋಷವೆಂದು ತಿಳಿದು ಸಿಟ್ಟಾಗುತ್ತಾರೆ. ನನಗೆ ಮಾತ್ರ ಈ ವಿಷಯದಲ್ಲಿ ಯಂತ್ರದ ನಡೆಯೇ ಸರಿಯೆನಿಸುತ್ತದೆ. ಪರೀಕ್ಷಿಸಿ ದೋಷ ಕಾಣದ ಚೀಲವೂ, ಬಾಯಿಯನ್ನೇ ಬಿಚ್ಚದ ಚೀಲವೂ ಒಂದೇ ಆಗಬಾರದು.

‘ಎಲ್ಲ’ ಮತ್ತು ‘ಕೆಲವು’ಗಳ ಗೊಂದಲವನ್ನು ಬೇಗ ಹೇಳಿ ಮುಗಿಸುತ್ತೇನೆ, ಒಮ್ಮೆ ಕಂಡರೆ ಮತ್ತೆ ಮರೆಯುವಂಥದ್ದಲ್ಲ ಅದು. ಅಡಿಕೆ ತೋಟ ಎಂದರೇನು ಎಂಬುದಕ್ಕೆ ‘ಅಲ್ಲಿ ಬೆಳೆಯುವುದೆಲ್ಲ ಅಡಿಕೆ’ ಎಂದು ಬರೆದರೆ ನಮ್ಮ ಯಾವ ತೋಟವೂ ಅಡಿಕೆ ತೋಟವಲ್ಲ. ಮರಕ್ಕೆ ಹಬ್ಬಿದ ಮೆಣಸು, ನಡುವಿನ ಏಲಕ್ಕಿ, ಬಾಳೆ, ವೀಳ್ಯದೆಲೆಯ ಬಳ್ಳಿ ಬಿಟ್ಟು ಇಲ್ಲಿ ತೋಟವೆಲ್ಲಿದೆ? ಅಷ್ಟೇ ಅಲ್ಲ, ಏನೂ ಬೆಳೆಯದ ಬೋಳು ಗುಡ್ಡ ಆ ಲಕ್ಷಣದ ಪ್ರಕಾರ ಅಡಿಕೆ ತೋಟವಾಗುತ್ತದೆ. ಅಲ್ಲಿ ಏನೂ ಇಲ್ಲದ್ದರಿಂದ ಅಡಿಕೆಯಲ್ಲದ್ದೂ ಇಲ್ಲ. ತರ್ಕಕ್ಕೆ ಅಷ್ಟು ಸಾಕು. ‘ಅಡಿಕೆ ಮತ್ತು ಮೆಣಸು ಬೆಳೆಯುವ ತೋಟ’ ಎಂಬುದನ್ನು ಅವಸರದಲ್ಲಿ ಬರೆದರೆ, ಅಡಿಕೆಯೂ ಆಗಿ ಮೆಣಸೂ ಆಗಿರುವ ಒಂದೇ ಗಿಡವಿರುವ ತೋಟ ಎಂದಾಗಿಬಿಡುತ್ತದೆ. ಎರಡು ವಾಕ್ಯವಾಗಿ ಬರೆಯಬೇಕು: ಅಲ್ಲಿ ಅಡಿಕೆ ಇದೆ, ಅಲ್ಲಿ ಮೆಣಸೂ ಇದೆ.

ಈ ತೋಟಗಳ ಬೆನ್ನಿಗಿರುವ ಸೊಪ್ಪಿನ ಬೆಟ್ಟದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಆಂಟಾಲಜಿಯ ಅತ್ಯಂತ ಮೋಸದ ತಪ್ಪು ಅಲ್ಲಿ ಕಾದಿರುತ್ತದೆ. ಘಟ್ಟದ ಮೇಲಿನ ಈ ತಾಲ್ಲೂಕುಗಳಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟವನ್ನು ಬ್ರಿಟಿಷರ ಕಾಲದಿಂದಲೂ ಬಿಟ್ಟುಕೊಡಲಾಗಿದೆ. ರೈತ ಅಲ್ಲಿ ಸೊಪ್ಪು ಕಡಿಯಬಹುದು, ಒಣ ಎಲೆಯ ದರಕು ಗುಡಿಸಬಹುದು, ದನ ಮೇಯಿಸಬಹುದು. ಆದರೆ ಅದು ಅವನ ಸ್ವಂತ ಜಮೀನಲ್ಲ, ಅನುಭೋಗದ ಸವಲತ್ತು. ತೋಟದ ಹಕ್ಕು ಒಂದು ಬಗೆ, ಬೆಟ್ಟದ ಹಕ್ಕು ಇನ್ನೊಂದು ಬಗೆ. ಆದರೆ ತೋಟ ಇಲ್ಲದೆ ಬೆಟ್ಟವಿಲ್ಲ.

ಈಗ ಒಬ್ಬರು ಆಂಟಾಲಜಿ ಬರೆಯಲು ಕೂತು, ‘ಹಿಡುವಳಿ’ ಎಂಬ ಸಂಬಂಧವನ್ನು ಮಾಡುತ್ತಾರೆ. ಅದರ ಒಂದು ತುದಿಯಲ್ಲಿ ರೈತ, ಇನ್ನೊಂದು ತುದಿಯಲ್ಲಿ ಖಾಸಗಿ ಜಮೀನು ಇರಬೇಕು ಎಂದು ಘೋಷಿಸುತ್ತಾರೆ. ಯಾರಾದರೂ ತಪ್ಪಿ ಖಾಸಗಿಯಲ್ಲದ ಜಮೀನನ್ನು ನಮೂದಿಸಿದರೆ ಯಂತ್ರ ತಡೆಯುತ್ತದೆ ಎಂಬುದು ಅವರ ನಂಬಿಕೆ. ಗಣಕದ ಫಾರ್ಮುಗಳು ಹಾಗೇ ತಡೆಯುತ್ತವೆ ಕೂಡ. ಆದರೆ ತರ್ಕದಲ್ಲಿ ಆ ಘೋಷಣೆ ತಡೆಯಲ್ಲ, ಅದೊಂದು ಸಿದ್ಧಾಂತ. ಮುಂದೆ ಇನ್ನೊಬ್ಬರು ಬಂದು ಇಂಥ ರೈತನ ಹಿಡುವಳಿ ಇಂಥ ಬೆಟ್ಟ ಎಂದು ತುಂಬಿಸುತ್ತಾರೆ. ಯಂತ್ರ ಆಕ್ಷೇಪಿಸುವುದಿಲ್ಲ. ಹಿಡುವಳಿಯ ಆಚೆ ತುದಿಯಲ್ಲಿರುವುದೆಲ್ಲ ಖಾಸಗಿ ಜಮೀನು ಎಂದು ನೀವೇ ಹೇಳಿದ್ದೀರಿ. ಆದ್ದರಿಂದ ಈ ಬೆಟ್ಟ ಖಾಸಗಿ ಜಮೀನು ಎಂದು ತೀರ್ಮಾನಿಸಿ ಮುಂದೆ ಹೋಗುತ್ತದೆ. ಒಂದು ಬೆಟ್ಟವಲ್ಲ, ಆ ಸಂಬಂಧದಲ್ಲಿ ಬಂದ ಎಲ್ಲ ಬೆಟ್ಟಗಳೂ. ಖಾಸಗಿ ಜಮೀನು ಮತ್ತು ಸರ್ಕಾರಿ ಜಮೀನು ಒಂದೇ ಆಗಲಾರವು ಎಂದು ಬೇರೆ ಕಡೆ ಬರೆದಿದ್ದರೆ ಮಾತ್ರ ವಿರೋಧ ಬಯಲಿಗೆ ಬರುತ್ತದೆ. ಅದನ್ನು ಬರೆಯದಿದ್ದರೆ ಬೆಟ್ಟ ಎರಡೂ ಆಗಿ ಸದ್ದಿಲ್ಲದೆ ಕೂತಿರುತ್ತದೆ. ಒಂದು ವರದಿಯಲ್ಲಿ ಅರಣ್ಯದ ಲೆಕ್ಕಕ್ಕೆ, ಇನ್ನೊಂದರಲ್ಲಿ ಖಾಸಗಿ ಲೆಕ್ಕಕ್ಕೆ.

ಅರಣ್ಯ ಇಲಾಖೆ, ಕಂದಾಯ ಇಲಾಖೆಗಳ ನಡುವೆ ಒಂದೊಂದು ಗುಂಟೆಗೂ ಕಾಗದ ಓಡಾಡುವ ಜಿಲ್ಲೆ ನಮ್ಮದು. ಇಲ್ಲಿ ಇಂಥ ತೀರ್ಮಾನ ಯಾರ ಸಹಿಯೂ ಇಲ್ಲದೆ, ಯಂತ್ರದೊಳಗಿಂದ ಬಂದು ದಾಖಲೆಯಲ್ಲಿ ಕೂತರೆ ಅದನ್ನು ಬಿಡಿಸಿಕೊಳ್ಳುವ ಹೊಣೆ ಬೀಳುವುದು ರೈತನ ಹೆಗಲಿಗೆ. ಒಡೆತನ, ಅನುಭೋಗ, ಗೇಣಿ, ಅತಿಕ್ರಮಣ ಇವಕ್ಕೆ ಬೇರೆ ಬೇರೆ ಸಂಬಂಧಗಳು ಬೇಕು. ಪ್ರತಿಯೊಂದರ ತುದಿಗೂ ಸಾಧ್ಯವಾದಷ್ಟು ಸಡಿಲವಾದ ಬಗೆಯನ್ನೇ ಇಡಬೇಕು. ‘ಜಮೀನು’ ಎಂದರೆ ಸಾಕಾದ ಕಡೆ ‘ಖಾಸಗಿ ಜಮೀನು’ ಎಂದು ಬರೆಯುವ ಅಗತ್ಯವೇನು?

ಲಕ್ಷಣ ಬರೆಯುವ ವಿಷಯಕ್ಕೆ ಬಂದರೆ, ಈ ಮೂರು ತಾಲ್ಲೂಕುಗಳಿಗೆ ಅದಕ್ಕಿಂತ ಒಳ್ಳೆಯ ಪಾಠ ಬೇರೆ ಸಿಗದು. ಶಿರಸಿಯ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿಯ ಪ್ರಯತ್ನದಿಂದ 2019ರಲ್ಲಿ ‘ಶಿರಸಿ ಸುಪಾರಿ’ಗೆ ಭೌಗೋಳಿಕ ಗುರುತು ಸಿಕ್ಕಿತು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಬೆಳೆದ ಅಡಿಕೆಗೆ ಇರುವ ಗುರುತು ಅದು. ದುಂಡಾದ, ತುಸು ಚಪ್ಪಟೆಯ ಆಕಾರ, ಕತ್ತರಿಸಿದಾಗ ಕಾಣುವ ಒಳನೋಟ, ತನ್ನದೇ ರುಚಿ, ಸರಾಸರಿ 7.5 ಗ್ರಾಂ ಒಣತೂಕ, 16 ಮಿಲಿಮೀಟರ್ ದಪ್ಪ ಎಂದೆಲ್ಲ ಅದರ ವಿಶೇಷಗಳನ್ನು ಹೇಳಲಾಗಿದೆ.

ಇದನ್ನು ತರ್ಕದಲ್ಲಿ ಬರೆಯುವಾಗ ಎರಡು ದಾರಿಗಳಿವೆ. ‘ಶಿರಸಿ ಸುಪಾರಿ ಆಗಿದ್ದರೆ ಅದು ಈ ಮೂರು ತಾಲ್ಲೂಕುಗಳಲ್ಲಿ ಬೆಳೆದದ್ದು’ ಎಂಬುದು ಒಂದು. ‘ಈ ಮೂರು ತಾಲ್ಲೂಕುಗಳಲ್ಲಿ ಬೆಳೆದದ್ದಾದರೆ ಅದು ಶಿರಸಿ ಸುಪಾರಿ’ ಎಂಬುದು ಇನ್ನೊಂದು. ಮೊದಲನೆಯದನ್ನಷ್ಟೇ ಬರೆದರೆ ಯಂತ್ರ ಯಾವ ಚೀಲವನ್ನೂ ತಾನಾಗಿ ಶಿರಸಿ ಸುಪಾರಿ ಎಂದು ಗುರುತಿಸದು. ಒಬ್ಬರು ಹೇಳಿದರೆ ಒಪ್ಪೀತು, ಅಷ್ಟೇ. ಎರಡನೆಯದನ್ನು ಬರೆದರೆ ಇಲ್ಲಿಯ ಕೋಕಾ, ಕೊಳೆ ಬಂದು ಉದುರಿದ್ದು, ಟೊಳ್ಳು, ಎಲ್ಲವೂ ಶಿರಸಿ ಸುಪಾರಿಯೇ. ನಮ್ಮ ಶಾಸ್ತ್ರದ ಮಾತಿನಲ್ಲಿ ಹೇಳಿದರೆ ಅದು ಅತಿವ್ಯಾಪ್ತಿ. ಅದಕ್ಕೆ ಹೆದರಿ 7.5 ಗ್ರಾಂ, 16 ಮಿಲಿಮೀಟರ್ ಇದ್ದದ್ದೇ ಶಿರಸಿ ಸುಪಾರಿ ಎಂದು ಬಿಗಿ ಮಾಡಿದರೆ ಅವ್ಯಾಪ್ತಿ. ಸರಾಸರಿ ಎಂಬುದು ರಾಶಿ ಹಾಕಿದ ಸಾವಿರಾರು ಅಡಿಕೆಗಳ ಗುಣ. ಅದನ್ನು ಎತ್ತಿ ಬಿಡಿ ಅಡಿಕೆಯ ಮೇಲೆ ಹೇರಿದರೆ ಏಳು ಗ್ರಾಂ ತೂಗುವ, ಸರ್ವಲಕ್ಷಣ ಸಂಪನ್ನವಾದ ಅಡಿಕೆ ಹೊರಗೆ ಬೀಳುತ್ತದೆ. ದರದ ವಿಷಯದಲ್ಲೂ ಜನ ಇದನ್ನೇ ಮಾಡುತ್ತಾರೆ. ಇವತ್ತು ಶಿರಸಿಯಲ್ಲಿ ರಾಶಿಗೆ ಸಿಕ್ಕ ದರ ಆ ದಿನ ಟೆಂಡರಿಗೆ ಬಂದ ಲಾಟುಗಳದು. ‘ರಾಶಿ’ ಎಂಬ ವರ್ಗದ ಗುಣವೆಂದು ಬರೆದರೆ ಎಲ್ಲ ಊರಿನ ಎಲ್ಲ ಕಾಲದ ರಾಶಿಗೂ ಅದೇ ದರ.

ಹೆಸರಿನಲ್ಲಿ ಶಿರಸಿ ಇರುವುದರಿಂದ ಹುಟ್ಟುವ ಇನ್ನೊಂದು ತಪ್ಪಿದೆ. ಸಿದ್ದಾಪುರದ ಹಳ್ಳಿಯಲ್ಲಿ ಬೆಳೆದು ಅಲ್ಲೇ ಮಾರಾಟವಾದ ಅಡಿಕೆ ಶಿರಸಿ ಸುಪಾರಿಯಾಗಬಹುದು. ಈ ಮೂರು ತಾಲ್ಲೂಕುಗಳ ಹೊರಗಿನ ಸೊರಬದಲ್ಲಿ ಬೆಳೆದು ಶಿರಸಿಯ ಮಾರುಕಟ್ಟೆಯಲ್ಲಿ ಮಾರಿದ್ದು ಆಗದು. ಈಗಿನ ಮಾರುಕಟ್ಟೆ ಪಟ್ಟಿಗಳಲ್ಲಿ ಇರುವುದು ಮಾರಿದ ಜಾಗ ಒಂದೇ. ಬೆಳೆದ ಜಾಗಕ್ಕೆ ಪ್ರತ್ಯೇಕ ಸಂಬಂಧ ಮಾಡಿ ಚೀಲದ ಜೊತೆಗೇ ದಾಖಲಿಸದ ಹೊರತು, ಎಷ್ಟೇ ಚೆನ್ನಾದ ತರ್ಕ ಬರೆದರೂ ಭೌಗೋಳಿಕ ಗುರುತನ್ನು ಯಂತ್ರ ಕಾಯಲಾರದು.

ಬಗೆಗಳ ಗಡಿ ಎಲ್ಲಿ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಕ್ರೇನ್ ಬೀಟಲ್ ನಟ್ ಪೌಡರ್ ವರ್ಕ್ಸ್ ಪ್ರಕರಣದಲ್ಲಿ 2007ರಲ್ಲಿ ನ್ಯಾಯಾಲಯ ಹೇಳಿದ್ದು: ಅಡಿಕೆಯನ್ನು ಕತ್ತರಿಸಿ, ಎಣ್ಣೆ, ಸಿಹಿ ಸೇರಿಸಿದರೂ ಅದು ಅಡಿಕೆಯಾಗಿಯೇ ಉಳಿಯುತ್ತದೆ, ಹೊಸ ವಸ್ತು ಹುಟ್ಟುವುದಿಲ್ಲ. ಮುಂದೆ ಅಬಕಾರಿ ಸುಂಕದ ಪಟ್ಟಿಗೇ ಟಿಪ್ಪಣಿ ಸೇರಿಸಿ, ಅಂಥ ಮಿಶ್ರಣವನ್ನು ತಯಾರಿಕೆ ಎಂದು ಪರಿಗಣಿಸುವಂತೆ ಮಾಡಲಾಯಿತು. ಆಮದಿನಲ್ಲಿ ಇದೇ ಪ್ರಶ್ನೆ ಮತ್ತೆ ಬಂತು. ಸುಂಕದ ಪಟ್ಟಿಯಲ್ಲಿ ಅಡಿಕೆಗೆ ಒಂದು ಸಂಕೇತ, ‘ಸುಪಾರಿ ಎಂದು ಕರೆಯುವ ಅಡಿಕೆ ಉತ್ಪನ್ನ’ಕ್ಕೆ ಬೇರೆ ಸಂಕೇತ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದ್ದು ಮೊದಲನೆಯ ಸಂಕೇತದ ಅಡಿಕೆಗೆ. ಬೇಯಿಸಿದ ಅಡಿಕೆ ಯಾವುದರಲ್ಲಿ ಸೇರಬೇಕು ಎಂಬ ವಾದ ಮುಂಗಡ ತೀರ್ಪಿನ ಪ್ರಾಧಿಕಾರದಿಂದ ಹೈಕೋರ್ಟಿನವರೆಗೆ ನಡೆದಿದೆ. ‘ಬೇಯಿಸಿದ್ದೆಲ್ಲ ಉತ್ಪನ್ನ’ ಎಂಬ ಒಂದು ವಾಕ್ಯ ಆಂಟಾಲಜಿಯಲ್ಲಿ ಕೂತರೆ, ಅಂಗಳದಲ್ಲಿ ಒಣಗಿದ ನಮ್ಮ ರಾಶಿಯೂ ಪೊಟ್ಟಣದೊಳಗಿನ ಸಿಹಿ ಸುಪಾರಿಯೂ ಒಂದೇ ವರ್ಗಕ್ಕೆ ಹೋಗುತ್ತವೆ; ಅಗ್ಗದ ಆಮದಿಗೆ ಇರುವ ತಡೆ ಎಲ್ಲಿ ತಾಗಬೇಕು, ಎಲ್ಲಿ ತಾಗಬಾರದು ಎಂಬುದೂ ಅದರ ಜೊತೆಗೇ ಬದಲಾಗುತ್ತದೆ. ರಾಶಿಗೆ ಆದ ಸಂಸ್ಕರಣೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು ಎಂದು ಬರೆದರೂ ಸಾಲದು. ‘ಇಷ್ಟೇ, ಬೇರೆ ಏನೂ ಇಲ್ಲ’ ಎಂದು ಮುಚ್ಚಬೇಕು. ಮುಚ್ಚದಿದ್ದರೆ ಸಿಹಿಯನ್ನೂ ಸೇರಿಸಿರಬಹುದು ಎಂಬ ಬಾಗಿಲು ತೆರೆದೇ ಇರುತ್ತದೆ. ಮ್ಯಾಂಚೆಸ್ಟರಿನ ವಿದ್ಯಾರ್ಥಿಗಳು ಪಿಜ್ಜಾದ ಮೇಲೆ ಟೊಮೆಟೊ ಮತ್ತು ಚೀಸ್ ಮಾತ್ರ ಹಾಕಿದರೂ ಅದು ಸಸ್ಯಾಹಾರಿ ಎಂದು ಯಂತ್ರ ಯಾಕೆ ಒಪ್ಪುತ್ತಿಲ್ಲ ಎಂದು ತಲೆ ಕೆಡಿಸಿಕೊಂಡದ್ದು ಇದೇ ಜಾಗದಲ್ಲಿ.

ಇಷ್ಟೆಲ್ಲ ತಪ್ಪುಗಳ ಬೇರು ಒಂದೇ. ನಾವು ಹೆಸರನ್ನು ಓದಿದಾಗ ಅರ್ಥ ತಾನಾಗಿ ತುಂಬಿಕೊಳ್ಳುತ್ತದೆ. ಯಂತ್ರಕ್ಕೆ ಅದು ಅಕ್ಷರಗಳ ಸಾಲು. ಅಮೆರಿಕದ ಡ್ರೂ ಮೆಕ್‌ಡರ್ಮಟ್ 1976ರಲ್ಲೇ ಕೃತಕ ಬುದ್ಧಿಮತ್ತೆಯ ತಮ್ಮ ಸಹೋದ್ಯೋಗಿಗಳಿಗೆ ಇದನ್ನು ಎಚ್ಚರಿಸಿದ್ದರು. ಪ್ರೋಗ್ರಾಮಿನ ಭಾಗವೊಂದಕ್ಕೆ ‘ಅರ್ಥಮಾಡಿಕೋ’ ಎಂದು ಹೆಸರಿಟ್ಟರೆ ಅದಕ್ಕೆ ಅರ್ಥವಾದಂತಲ್ಲ. ಆ ಹೆಸರನ್ನು ಅಳಿಸಿ ಅರ್ಥವಿಲ್ಲದ ಗುರುತೊಂದನ್ನು ಇಟ್ಟು, ಆಗಲೂ ಅದು ಏನು ಮಾಡುತ್ತದೆ ನೋಡಿ ಎಂದರು. ಅಡಿಕೆಗೂ ಈ ಪರೀಕ್ಷೆ ನಡೆಯುತ್ತದೆ. ರಾಶಿಯ ಜಾಗದಲ್ಲಿ ‘ಕ’, ಚಾಲಿಯ ಜಾಗದಲ್ಲಿ ‘ಖ’, ಕೋಕಾದ ಜಾಗದಲ್ಲಿ ‘ಗ’ ಎಂದು ಹಾಕಿ. ಉಳಿದ ವಾಕ್ಯಗಳನ್ನಷ್ಟೇ ಓದಿ ಅನುಭವಸ್ಥರೊಬ್ಬರು ಯಾವುದು ಯಾವುದೆಂದು ಹೇಳಬಲ್ಲರಾದರೆ, ತಿಳಿವಳಿಕೆ ನಿಜವಾಗಿ ಒಳಗೆ ಹೋಗಿದೆ.

ಇನ್ನೊಂದು ಪರೀಕ್ಷೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರೊಟೆಜೆ ಎಂಬ ಉಚಿತ ತಂತ್ರಾಂಶದಲ್ಲಿ ಯಾರೂ ಮಾಡಬಹುದಾದದ್ದು. ಇರಲಾರದ ಬಗೆಗಳನ್ನು ಬೇಕೆಂದೇ ಸೃಷ್ಟಿಸಬೇಕು: ರಾಶಿಯೂ ಹೌದು ಚಾಲಿಯೂ ಹೌದು ಎಂಬ ಅಡಿಕೆ, ಬೇಯಿಸಿದ ಚಾಲಿ, ಸೊರಬದಲ್ಲಷ್ಟೇ ಬೆಳೆದ ಶಿರಸಿ ಸುಪಾರಿ, ಸರ್ಕಾರಿಯೂ ಖಾಸಗಿಯೂ ಆದ ಬೆಟ್ಟ. ತರ್ಕಯಂತ್ರವನ್ನು ಓಡಿಸಿದಾಗ ಇಂಥವು ಅಸಾಧ್ಯವೆಂದು ಕೆಂಪು ಅಕ್ಷರದಲ್ಲಿ ಕಾಣಬೇಕು. ಯಾವುದು ಕೆಂಪಾಗಲಿಲ್ಲವೋ ಅದರ ಬಗ್ಗೆ ನಾವು ಹೇಳಬೇಕಾದ ಮಾತೊಂದು ಬಾಕಿ ಇದೆ.

ಆ ಬಾಕಿ ಮಾತುಗಳು ಇರುವುದು ವಖಾರಿಗಳಲ್ಲಿ, ದರ್ಜೆ ವಿಂಗಡಿಸುವ ಹೆಂಗಸರ ಕೈಯಲ್ಲಿ, ಟೆಂಡರಿನ ದಿನ ಚೀಲದಿಂದ ಚೀಲಕ್ಕೆ ನಡೆಯುವವರ ಕಣ್ಣಿನಲ್ಲಿ. ಸಹಕಾರಿ ಸಂಘಗಳು, ತೋಟಗಾರಿಕೆ ಕಾಲೇಜಿನ ವಿದ್ಯಾರ್ಥಿಗಳು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಇಲ್ಲಿಯ ಮಕ್ಕಳು ಒಂದು ಹಂಗಾಮು ಜೊತೆಗೆ ಕೂತರೆ ಆಗುವ ಕೆಲಸ ಇದು. ಅವರು ಮೊದಲು ಕೇಳಬೇಕಾದ ಪ್ರಶ್ನೆಗಳು ತೀರಾ ಸಣ್ಣವು. ಕೆಂಪುಗೋಟು ಆಗುವುದು ಬಣ್ಣದಿಂದಲೋ, ಬಲಿತ ಹಂತದಿಂದಲೋ, ಎರಡೂ ಸೇರಿಯೋ? ಬಿಳಿಗೋಟಿಗೂ ಕೋಕಾಕ್ಕೂ ನಡುವೆ ಬೀಳುವ ಅಡಿಕೆ ಯಾವ ಬುಟ್ಟಿಗೆ, ಮತ್ತು ಶಿರಸಿಯಲ್ಲೂ ಯಲ್ಲಾಪುರದಲ್ಲೂ ಅದು ಅದೇ ಬುಟ್ಟಿಗೇ ಹೋಗುತ್ತದೆಯೇ? ಹೊಸ ಚಾಲಿ ಯಾವ ದಿನದಿಂದ ಹಳೆಯದು?